70ರ ತೋಟಾ, 65ರ ಕೋವಿ

ಕಳೆದ ವರ್ಷದ ಕೈಲ್‌ಪೊಳ್ದ್, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬದ ದಿನ. ಪೂಜೆ ಮುಗಿದು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಿಂದು, ಎಲ್ಲರೂ ಗದ್ದೆಗೆ ಇಳಿದಿದ್ದೆವು. ಮರದ ತುದಿಯಲ್ಲಿ ತೆಂಗಿನಕಾಯಿ ಕಟ್ಟಿತ್ತು. ದೊಡ್ಡಪ್ಪನ ಮಗ ಬೆಂಗಳೂರಿನಿಂದ ಒಂದು ಹೊಸ ಡಬ್ಬಿ ತೋಟಾ ತಂದಿದ್ದ. ಅಜ್ಜನ ಜೋಡಿ ನಳಿಗೆಯ ಕೋವಿಗೆ ಒಂದು ತುಂಬಿಸಿ ಹೊಡೆದ. ಕಾಯಿ ಒಡೆಯಲಿಲ್ಲ, ಅವನ ಭುಜ ಮಾತ್ರ ನೀಲಿ ಆಯಿತು. ಅದಕ್ಕೆ ನಾವು ನಕ್ಕೆವು. ಆಮೇಲೆ ಕೋವಿ ಬಿಚ್ಚಲು ಹೋದರೆ ಲಿವರ್ ಬಿಗಿದುಕೊಂಡಿತ್ತು. ಮೊಣಕಾಲಿಗೆ ಒತ್ತಿ ಬಿಚ್ಚಬೇಕಾಯಿತು. ಹೊರಗೆ ಬಂದ ಖಾಲಿ ತೋಟಾದ ಬಾಯಿ ಹಳೇ ಪೊರಕೆಯ ಹಾಗೆ ಸೀಳಿಕೊಂಡು, ಅಂಚು ಕರಗಿ ಎಳೆದುಕೊಂಡಿತ್ತು.

ಆಗ ನಗು ನಿಂತಿತು. ಡಬ್ಬಿ ತಿರುಗಿಸಿ ನೋಡಿದೆ. 70 ಮಿಮೀ ಉದ್ದ, ಒಳಗೆ 36 ಗ್ರಾಂ ಚರೆ, ಅಂದರೆ ಸಣ್ಣ ಗುಂಡಿನ ಕಾಳು. ಅವತ್ತು ಕೋವಿಯನ್ನು ಒರೆಸಿ ಎತ್ತಿಟ್ಟೆವು. ಮುಂದಿನ ಹಬ್ಬದೊಳಗೆ ಇದಕ್ಕೆ ಯಾವ ತೋಟಾ ಸರಿ ಅಂತ ಪತ್ತೆ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಆ ಕೆಲಸದ ಲೆಕ್ಕ ಇದು.

ಕೋವಿಯ ಬಗ್ಗೆ ಎರಡು ಮಾತು. ಬರ್ಮಿಂಗ್‌ಹ್ಯಾಂನಲ್ಲಿ ಮಾಡಿದ 12 ಬೋರ್ (ನಳಿಗೆಯ ಒಳ ಅಳತೆಯ ಹೆಸರು), 30 ಇಂಚಿನ ನಳಿಗೆ, ಕುದುರೆ, ಅಂದರೆ ತೋಟಾ ಸಿಡಿಸುವ ಸುತ್ತಿಗೆ, ಒಳಗೇ ಇರುವ ಜಾತಿ. ತೋಟ ಮಾರಿ ಊರಿಗೆ ಹೊರಟ ಒಬ್ಬ ದೊರೆಯ ಹತ್ತಿರ ಅಜ್ಜ ಕೊಂಡಿದ್ದಂತೆ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಅದು ಕೋವಿಗಿಂತ ಜಾಸ್ತಿ, ಮನೆಯ ಹಿರಿಯ ಇದ್ದ ಹಾಗೆ. ಹಾಗಾಗಿಯೇ ಅದರ ಹೊಟ್ಟೆಗೆ ಏನು ಹಾಕುತ್ತಿದ್ದೇವೆ ಅಂತ ಯಾರೂ ಕೇಳಿರಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನಿನವರು) ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಲೈಸೆನ್ಸ್ ಮಾಡಿಸುವಾಗಲಾದರೂ ಯಾರೋ ಒಬ್ಬರು ಕೋವಿಯ ಮುಖ ನೋಡುತ್ತಾರೆ. ನಮ್ಮದು ಗೋಡೆಯಿಂದ ಗದ್ದೆಗೆ, ಗದ್ದೆಯಿಂದ ಗೋಡೆಗೆ.

ಮೊದಲ ಕೆಲಸ, ಅಡಿ ಭಾಗ ಓದುವುದು. ಎರಡೂ ನಳಿಗೆ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಿಟ್ಟು ನೋಡಿ, ಮುಂದಿನ ಮರದ ತುಂಡು ತೆಗೆದು, ನಳಿಗೆಯನ್ನು ಬೇರೆ ಮಾಡಿದೆ. ಬುಡದಲ್ಲಿ ಅಡಿಗೆ ಒಂದು ಚಪ್ಪಟೆ ಜಾಗ ಇರುತ್ತದೆ. ಕೋವಿ ಜೋಡಿಸಿದಾಗ ಅದು ಕಾಣುವುದಿಲ್ಲ. ಕೋವಿಯ ಜಾತಕ ಇರುವುದೇ ಅಲ್ಲಿ. ನೂರು ವರ್ಷದ ಎಣ್ಣೆ ಮತ್ತು ಕೊಳೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಮೇಲೆ ಸೀಮೆಸುಣ್ಣ ಸವರಿ ಒರೆಸಿದೆ. ತಗ್ಗಿನಲ್ಲಿ ಉಳಿದ ಬಿಳಿಯಲ್ಲಿ ಅಕ್ಷರಗಳು ಎದ್ದು ಬಂದವು.

ಕಿರೀಟದ ಕೆಳಗೆ ಬಿಪಿ. ಕಿರೀಟದ ಕೆಳಗೆ ಬಿವಿ. ಕಿರೀಟದ ಕೆಳಗೆ ಎನ್‌ಪಿ. ಒಂದು ವಜ್ರದಾಕಾರದ ಚೌಕ, ಅದರೊಳಗೆ 12, ಅದರ ಕೆಳಗೆ ಸಿ. ಪಕ್ಕದಲ್ಲಿ ಒಂದು ಬಿಡಿ 12. ಇನ್ನೊಂದು ಕಡೆ 1⅛ ಔನ್ಸ್.

ಇವು ಬರ್ಮಿಂಗ್‌ಹ್ಯಾಂ ಪ್ರೂಫ್ ಹೌಸಿನ ಮುದ್ರೆಗಳು. 1813ರಿಂದ ನಡೆಯುತ್ತಿರುವ ಜಾಗ ಅದು. ಪ್ರತಿ ಕೋವಿಗೂ ಬೇಕೆಂದೇ ಹೆಚ್ಚಿನ ಮದ್ದು ಹಾಕಿ ಹೊಡೆದು, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಎನ್‌ಪಿ ಅಂದರೆ ಹೊಗೆ ಇಲ್ಲದ ಮದ್ದಿಗೆ, ಅಂದರೆ ನೈಟ್ರೋಗೆ, ಪರೀಕ್ಷೆ ಆಗಿದೆ ಅಂತ. ಅದು ಇದ್ದದ್ದು ದೊಡ್ಡ ಸಮಾಧಾನ. ಬಿಪಿ, ಬಿವಿ, ಎನ್‌ಪಿ ಈ ರೀತಿ ಜೊತೆಗಿದ್ದು ವಜ್ರದಲ್ಲಿ ಬರೀ 12 ಸಿ ಇದ್ದರೆ ಕೋವಿ 1904ರಿಂದ 1925ರ ನಡುವಿನದು. 1⅛ ಔನ್ಸ್ ಅಂದರೆ ಚರೆಯ ತೂಕದ ಮಿತಿ, ಸುಮಾರು 32 ಗ್ರಾಂ. ನಾವು ಹೊಡೆದದ್ದು 36.

ನಾನು ಇಲ್ಲೇ ಒಂದು ತಪ್ಪು ಮಾಡಿದೆ. ವಜ್ರದೊಳಗಿನ 12 ಸಿ ನೋಡಿ, ಸರಿ, ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) 2½ ಇಂಚು ಅಂತ ಬರೆದುಕೊಂಡುಬಿಟ್ಟೆ. ಅದು ಹಾಗಲ್ಲ. ಆ ಕಾಲದ ಸಿ ಅಂದರೆ ಚೇಂಬರ್ 3 ಇಂಚಿಗಿಂತ ಕಡಿಮೆ ಅಂತ ಅಷ್ಟೇ. 3 ಇಂಚು ಅಥವಾ ಅದಕ್ಕಿಂತ ಉದ್ದ ಇದ್ದರೆ ಎಲ್‌ಸಿ. ಉದ್ದವನ್ನು ಅಂಕಿಯಲ್ಲಿ ಒತ್ತಲು ಶುರುವಾದದ್ದು 1925ರ ನಂತರ. ನಿಮ್ಮ ಕೋವಿ 1954ರ ಆಚೆಯದಾದರೆ ನೀವು ಪುಣ್ಯವಂತರು. ಅದರಲ್ಲಿ ಚೇಂಬರ್ ಉದ್ದ ಮತ್ತು ಒತ್ತಡ, 2½ ಇಂಚು, 3 ಟನ್ ಅಂತ ನೇರವಾಗಿ ಬರೆದಿರುತ್ತದೆ. 2¾ ಇಂಚಿಗೆ 3¼ ಟನ್, 3 ಇಂಚಿಗೆ 4 ಟನ್. ನಮ್ಮ ಹಾಗೆ ಹಳೇದಾದರೆ ಅಳೆಯದೆ ಗತಿ ಇಲ್ಲ.

ಅಳೆದೆ. ಆರಿಂಚಿನ ಸ್ಟೀಲ್ ಸ್ಕೇಲನ್ನು ಚೇಂಬರ್ ಗೋಡೆಗೆ ಒತ್ತಿಕೊಂಡು ಒಳಗೆ ತಳ್ಳಿದರೆ ಒಂದು ಕಡೆ ಮೂಲೆ ತಡೆಯುತ್ತದೆ. ಚೇಂಬರ್ ಮುಗಿದು ನಳಿಗೆ ಸಣ್ಣದಾಗುವ ಜಾಗ ಅದು. ಕೊಳವೆ ಅಲ್ಲಿ ಆಲಿಕೆಯ ಹಾಗೆ ಕಿರಿದಾಗುತ್ತದೆ. ಬಲಗಡೆ 65, ಎಡಗಡೆ 65. ನಂಬಿಕೆ ಬರಲಿಲ್ಲ. ಗೋಣಿಕೊಪ್ಪದಲ್ಲಿ ಪರಿಚಯದ ಲೇತ್ ಅಂಗಡಿಗೆ ಹೋಗಿ 20.2 ಮಿಮೀ ದಪ್ಪದ ಒಂದು ಹಿತ್ತಾಳೆ ತುಂಡು ತಿರುಗಿಸಿಕೊಂಡು ಬಂದೆ. ಕೋವಿ ಮನೆಯಲ್ಲೇ ಇತ್ತು. ಗೇಜು ಮಾತ್ರ ಓಡಾಡಿತು, ಕೋವಿಯನ್ನು ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗುವುದು ಬೇಡ. ಹಿತ್ತಾಳೆ ತುಂಡೂ 65ಕ್ಕೇ ನಿಂತಿತು. ಅಂದರೆ 2½ ಇಂಚು, ಖಾತ್ರಿ. ಮಧ್ಯದಲ್ಲಿ ಯಾರೂ ರೀಮರ್ (ತೂತು ಕೊರೆದು ದೊಡ್ಡದು ಮಾಡುವ ಉಪಕರಣ) ಹಾಕಿ ಚೇಂಬರ್ ಉದ್ದ ಮಾಡಿಲ್ಲ ಅನ್ನುವುದೂ ಗೊತ್ತಾಯಿತು. ಹಾಗೆ ಮಾಡಿದ ಕೋವಿಗಳು ಬೇಕಾದಷ್ಟಿವೆ. ಅಲ್ಲಿ ಗೋಡೆ ತೆಳುವಾಗಿರುತ್ತದೆ, ಹಳೇ ಮುದ್ರೆಗೆ ಬೆಲೆ ಇರುವುದಿಲ್ಲ.

ಈಗ ದೊಡ್ಡಪ್ಪ ಕೇಳಿದ ಪ್ರಶ್ನೆ. "ಅಲ್ಲ, 65ರ ಚೇಂಬರ್‌ಗೆ 70ರ ತೋಟಾ ಹೋಗಬಾರದು ತಾನೇ? ಅವನು ಹಾಕಿದಾಗ ಸಲೀಸಾಗಿ ಹೋಯಿತಲ್ಲ?"

ಇಡೀ ಕಥೆಯ ಬೇರು ಇದೇ. ಡಬ್ಬಿಯಲ್ಲಿ ಉಳಿದಿದ್ದ ಒಂದು ತೋಟಾಕ್ಕೆ ವರ್ನಿಯರ್ ಹಿಡಿದು ತೋರಿಸಿದೆ. 58 ಮಿಮೀ. ಹೊಡೆದ ಖಾಲಿ ತೋಟಾಕ್ಕೆ ಹಿಡಿದೆ. 70ರ ಹತ್ತಿರ. ಡಬ್ಬಿಯ ಮೇಲಿನ ಅಂಕಿ ತೋಟಾ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮುಂಚೆ ಬಾಯಿ ನಕ್ಷತ್ರದ ಹಾಗೆ ಒಳಗೆ ಮಡಚಿಕೊಂಡಿರುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. 70ರ ಚೇಂಬರ್ ಇದ್ದರೆ ಚಾಚಲು ಜಾಗ ಇದೆ. 65ರಲ್ಲಿ ಕೊನೆಯ 5 ಮಿಮೀ ಆ ಆಲಿಕೆಯ ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚರೆಯೂ, ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ, ಅಂದರೆ ವಾಡೂ, ಅದರ ಮಧ್ಯೆ ನುಸುಳಿಕೊಂಡು ಹೋಗಬೇಕು. ಒತ್ತಡ ಏರುತ್ತದೆ. ಪೊರಕೆಯ ಹಾಗೆ ಸೀಳಿದ ಬಾಯಿ ಅದರ ಗುರುತು.

ನಿಜ ಹೇಳಬೇಕೆಂದರೆ ಆ 5 ಮಿಮೀ ಒಂದರಿಂದಲೇ ಕೋವಿ ಸಿಡಿಯುವುದು ಅಪರೂಪ. ಇಂಗ್ಲೆಂಡಿನಲ್ಲಿ 65ಕ್ಕಿಂತ ತುಸು ಉದ್ದದ ತೋಟಾಗಳನ್ನು, ಒತ್ತಡ ತಗ್ಗಿಸಿ, 2½ ಇಂಚಿನ ಚೇಂಬರ್‌ಗೂ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದೇ ಮಾರುತ್ತಾರೆ. ತೊಂದರೆ ಬೇರೆ ಕಡೆ ಇದೆ. 70ರ ತೋಟಾ ಮಾಡುವವರ ಕಣ್ಣೆದುರು ಇರುವುದು ಇವತ್ತಿನ ಗಟ್ಟಿ ಕೋವಿ. ಯುರೋಪಿನ ಈಗಿನ ನಿಯಮದಲ್ಲಿ 12 ಬೋರ್‌ನ ಸಾಮಾನ್ಯ ತೋಟಾಕ್ಕೆ ಗರಿಷ್ಠ ಒತ್ತಡ 740 ಬಾರ್, ಜೋರಿನದಕ್ಕೆ 1050 ಬಾರ್. ನಮ್ಮ ಅಜ್ಜನ ಕೋವಿ 1925ಕ್ಕೆ ಮುಂಚೆ, ಮೆತ್ತನೆಯ ತೋಟಾಗಳ ಕಾಲದಲ್ಲಿ ಪರೀಕ್ಷೆ ಪಾಸಾದದ್ದು. ಉದ್ದವೂ ತಪ್ಪು, ಒತ್ತಡವೂ ತಪ್ಪು, ತೂಕವೂ ತಪ್ಪು. ಮೂರೂ ಒಟ್ಟಿಗೆ ಸೇರಿದ್ದವು.

ಮುಂದೆ ನಳಿಗೆಯ ಒಳ ಅಳತೆ. ಮುದ್ರೆಯ ಬಿಡಿ 12 ಹೇಳುವುದು ಇಷ್ಟು. ಬುಡದಿಂದ 9 ಇಂಚು ಒಳಗೆ 18.52 ಮಿಮೀ ಗೇಜು ಹೋಯಿತು, ಅದರ ಮೇಲಿನ 18.80ರ ಗೇಜು ಹೋಗಲಿಲ್ಲ. ತುಕ್ಕು ಉಜ್ಜಿ ಉಜ್ಜಿ ಒಳಗೆ ದೊಡ್ಡದಾಗಿ ಈಗ 18.80 ಕೂಡ ಹೋಗುತ್ತದೆ ಅಂದರೆ ಕೋವಿ ಪ್ರೂಫ್‌ನಿಂದ ಆಚೆ ಬಿತ್ತು ಅಂತ ಅರ್ಥ. ಲೆಕ್ಕ ಸುಲಭ ಇದೆ, ದುಬಾರಿ ಡಯಲ್ ಬೇಡ. ಮತ್ತೆ ಲೇತ್ ಅಂಗಡಿಗೆ ಹೋದೆ. ಎರಡು ಹಿತ್ತಾಳೆ ಬಿಲ್ಲೆ, ಒಂದು 18.52, ಒಂದು 18.80. ಒಂದೊಂದಕ್ಕೂ ಅರ್ಧ ಮೀಟರ್ ಕಂಬಿಯ ಹಿಡಿ. ಅಂಗಡಿಯವನು ಮೊದಲ ಸಲ 18.5 ಅಂತ ಕೇಳಿಸಿಕೊಂಡು ಮಾಡಿಕೊಟ್ಟ. "ಎರಡು ಪಾಯಿಂಟ್ ತಾನೇ ಸಾರ್, ಅದರಲ್ಲೇನು?" ಅಂದ. ಎಂಜಿನ್ ಬೋರ್ ಮಾಡುವವನು ಕೇಳಬಾರದ ಪ್ರಶ್ನೆ ಅದು. ಇನ್ನೊಮ್ಮೆ ಮಾಡಿಸಿದೆ.

ಸಣ್ಣದು ಎರಡೂ ಕಡೆ ಎಣ್ಣೆಯಲ್ಲಿ ಜಾರಿದ ಹಾಗೆ ಹೋಯಿತು. ದೊಡ್ಡದು ಚೇಂಬರ್ ದಾಟಿ ಆಲಿಕೆಯ ಹತ್ತಿರವೇ ನಿಂತಿತು. ಎರಡೂ ಕಡೆ. ಪಾಸು.

ಆದರೆ ಒಳ ಅಳತೆ ಸರಿ ಇದ್ದ ಮಾತ್ರಕ್ಕೆ ಗೋಡೆ ದಪ್ಪ ಇದೆ ಅಂತ ಹೇಳಲಾಗುವುದಿಲ್ಲ. ಹೊರಗಿನಿಂದ ಪಾಲಿಶ್ ಮಾಡಿ ಕಪ್ಪು ಬಣ್ಣ ಹಿಡಿಸುವಾಗಲೂ ಲೋಹ ಹೋಗುತ್ತದೆ. ಗೋಡೆ ಅಳೆಯಲು ಬೇರೆ ಯಂತ್ರವೇ ಬೇಕು. ಎರಡು ಭಾನುವಾರ ಇದಕ್ಕೇ ಹೋದವು, ಮತ್ತು ನನಗೆ ಅತಿ ಖುಷಿ ಕೊಟ್ಟ ಭಾಗವೂ ಇದೇ. ಒಂದು ಭಾರದ ಕಬ್ಬಿಣದ ತಟ್ಟೆ. ಅದರ ಮೇಲೆ ನೆಟ್ಟಗೆ ಒಂದು ಕಂಬಿ. ಕಂಬಿಯ ತುದಿಯ ಒಂದು ಬದಿಗೆ ಸೈಕಲ್ ಬೇರಿಂಗಿನ ಸಣ್ಣ ಗುಂಡು, ಅರ್ಧ ಹೊರಗೆ ಕಾಣುವ ಹಾಗೆ. ಆ ಗುಂಡಿಗೆ ಎದುರಾಗಿ, ಪಕ್ಕದ ಕಂಬದ ಮೇಲೆ ಡಯಲ್ ಇಂಡಿಕೇಟರ್. ಎರಡೂ ಮುಟ್ಟಿದಾಗ ಡಯಲ್ ಸೊನ್ನೆ. ಮಧ್ಯೆ ನಳಿಗೆಯನ್ನು ಇಳಿಸಿದರೆ ಮುಳ್ಳು ತೋರಿಸುವುದು ಗೋಡೆಯ ದಪ್ಪ.

ಮೊದಲ ಭಾನುವಾರದ ಅಂಕಿಗಳು ಶುದ್ಧ ಸುಳ್ಳು. ಒಂದೇ ಜಾಗದಲ್ಲಿ ಒಮ್ಮೆ 0.9, ಒಮ್ಮೆ 1.4. ಕಂಬಿ 10 ಮಿಮೀದು, ಒಂದು ಮೀಟರ್‌ಗೆ ಹತ್ತಿರದ ಉದ್ದ. ನಳಿಗೆಯ ಭಾರಕ್ಕೆ ಅಡಿಕೆ ಮರದ ಹಾಗೆ ಬಾಗುತ್ತಿತ್ತು. 14 ಮಿಮೀ ಕಂಬಿ ತಂದು 45 ಸೆಂಟಿಮೀಟರ್‌ಗೆ ಕತ್ತರಿಸಿದೆ. ಅರ್ಧ ಬುಡದ ಕಡೆಯಿಂದ, ಇನ್ನರ್ಧ ಬಾಯಿಯ ಕಡೆಯಿಂದ ಅಳೆದರಾಯಿತು, ಅಲ್ವಾ? ಮೈಕ್ರೋಮೀಟರ್‌ನಲ್ಲಿ ದಪ್ಪ ನೋಡಿಟ್ಟ ಒಂದು ಪೈಪಿನ ತುಂಡನ್ನು ಮೊದಲು ಇಳಿಸಿ ಪರೀಕ್ಷೆ ಮಾಡಿದೆ. ಈ ಸಲ ಡಯಲ್ ಮತ್ತು ಮೈಕ್ರೋಮೀಟರ್ ಒಂದೇ ಮಾತು ಹೇಳಿದವು.

ನಳಿಗೆಯನ್ನು ತಿರುಗಿಸುತ್ತಾ ಎರಡೆರಡು ಇಂಚಿಗೆ ಬರೆದುಕೊಂಡೆ. ಎರಡು ನಳಿಗೆ ಸೇರುವ ಕಡೆ ಪಟ್ಟಿ ಅಡ್ಡ ಇರುವುದರಿಂದ ಆ ಬದಿ ಅಳೆಯಲಾಗುವುದಿಲ್ಲ, ಉಳಿದ ಸುತ್ತ ಸಿಗುತ್ತದೆ. ಬುಡದಲ್ಲಿ ದಪ್ಪ, ಮುಂದೆ ಹೋದ ಹಾಗೆ ತೆಳು. ಬಲ ನಳಿಗೆಯ ಅತಿ ತೆಳು ಜಾಗ 0.71 ಮಿಮೀ. ಎಡದ್ದು, ಅರ್ಧ ದಾಟಿ ಬಾಯಿಯ ಕಡೆಗೆ, 0.58. ಕೋವಿ ಕೆಲಸದವರು ಮಾತಾಡುವ ಕನಿಷ್ಠ ಗೆರೆ 20 ತೌ (ಇಂಚಿನ ಸಾವಿರದ ಇಪ್ಪತ್ತು ಭಾಗ), ಅಂದರೆ 0.51 ಮಿಮೀ. ಎಡ ನಳಿಗೆ ಗೆರೆಯ ಮೇಲೇ ಇದೆ, ಆದರೆ ಬೀಗುವಷ್ಟಿಲ್ಲ. ಒತ್ತಡದ ಶಿಖರ ಬರುವುದು ಚೇಂಬರ್ ಮತ್ತು ಅದರ ಮುಂದಿನ ಸ್ವಲ್ಪ ಜಾಗದಲ್ಲಿ. ಮುಂದೆ ಹೋದಂತೆ ಅದು ಬೇಗ ಇಳಿಯುತ್ತದೆ. ಹಾಗಾಗಿ ಮುಂದಿನ ತೆಳು ಗೋಡೆ ಸಾಮಾನ್ಯವಾಗಿ ಸೀಳುವುದು ತೋಟಾದ ಜೋರಿಗಿಂತ ಒಳಗೆ ಏನಾದರೂ ಸಿಕ್ಕಿಕೊಂಡಾಗ. ಇದನ್ನು ನೆನಪಿಡಿ, ಹೂವಿನ ವಿಷಯಕ್ಕೆ ಬರುತ್ತೇನೆ.

ಉಳಿದ ಪರೀಕ್ಷೆಗಳು ಐದು ನಿಮಿಷದವು. ನಳಿಗೆಯನ್ನು ಬೆರಳಿಗೆ ತೂಗುಬಿಟ್ಟು ಮರದ ಕಡ್ಡಿಯಿಂದ ತಟ್ಟಿದೆ. ಗಂಟೆಯ ಹಾಗೆ ಮೊಳಗಿತು. ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತಿತ್ತು. ಒಳಗೆ ತುಕ್ಕಿನ ಚುಕ್ಕಿಗಳಿವೆ, ನಮ್ಮ ಮಳೆಗಾಲಕ್ಕೆ ಅದು ಇಲ್ಲದಿದ್ದರೆ ಆಶ್ಚರ್ಯ. ಆದರೆ ಕೋವಿ ಜೋಡಿಸಿ, ಮುಂದಿನ ಮರ ತೆಗೆದು, ನಳಿಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂದಿತು. ದೀಪದ ಎದುರು ಹಿಡಿದರೆ ನಳಿಗೆಯ ಬುಡಕ್ಕೂ ಹಿಂದಿನ ಗೋಡೆಗೂ ನಡುವೆ ಕೂದಲಿನಷ್ಟು ಬೆಳಕು.

ಇದು ನನ್ನ ಕೈಯ ಕೆಲಸ ಅಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಕಾಗದ ಪತ್ರದ ಜೊತೆ ತೆಗೆದುಕೊಂಡು ಹೋದೆ. ವಯಸ್ಸಾದವರು. ಅಲ್ಲಾಡಿಸಿ ನೋಡಿ, ನನ್ನ ಪುಸ್ತಕದ ಅಂಕಿಗಳನ್ನು ಓದಿ, ಆ ಸೀಳಿದ ತೋಟಾ ಕೈಗೆ ತೆಗೆದುಕೊಂಡರು. "ಮೋನೆ, ಮುದುಕನಿಗೆ ಮದುವೆ ಊಟ ಬಡಿಸಿದ್ದೀರಿ" ಅಂದರು. ಹೊಸ ಕೀಲಿನ ಪಿನ್ ಮಾಡಿ ಹಾಕಿದರು, ಹಳೇದಕ್ಕಿಂತ ಕೂದಲೆಳೆ ದಪ್ಪ. ಹೊಗೆ ಕಪ್ಪು ಹಿಡಿಸಿ, ಮುಚ್ಚಿ, ಬಿಚ್ಚಿ, ಎಲ್ಲಿ ತಾಗುತ್ತದೆ ನೋಡಿ, ಉಜ್ಜಿ, ಮತ್ತೆ ಹಿಡಿಸಿ, ಹೀಗೆ ಒಂದು ಇಡೀ ದಿನ. ಸಿಗರೇಟು ಕಾಗದದ ಚೂರು ಮಧ್ಯೆ ಇಟ್ಟು ಮುಚ್ಚಿದರೆ ಈಗ ಅದು ಎಳೆದರೆ ಬರುವುದಿಲ್ಲ.

ತೋಟಾ ಹುಡುಕುವುದು ಇದೆಲ್ಲಕ್ಕಿಂತ ಕಷ್ಟ ಆಯಿತು. ಮೊದಲ ಅಂಗಡಿಯಲ್ಲಿ 70 ಮಾತ್ರ ಇತ್ತು. "ಎಲ್ಲರೂ ಇದನ್ನೇ ತೆಗೆದುಕೊಂಡು ಹೋಗುತ್ತಾರೆ, ಇಷ್ಟು ವರ್ಷದಲ್ಲಿ ಯಾರೂ ದೂರು ಹೇಳಿಲ್ಲ" ಅಂದರು. ಎರಡನೆಯ ಕಡೆ "6 ನಂಬರ್ ತಗೊಳ್ಳಿ, ಮೆತ್ತಗಿರುತ್ತೆ, ಎಲ್‌ಜಿ ಆದರೆ ಜೋರು" ಅಂತ ಬುದ್ಧಿ ಹೇಳಿದರು. 6 ಅಂದರೆ ಸಣ್ಣ ಚರೆ, ಎಲ್‌ಜಿ ಅಂದರೆ ದಪ್ಪದ್ದು. ನಮ್ಮ ಕಡೆ ಇದನ್ನು ನಂಬದವರೇ ಇಲ್ಲ. ಚರೆಯ ನಂಬರ್ ಹೇಳುವುದು ಒಂದೊಂದು ಕಾಳಿನ ದಪ್ಪ ಮಾತ್ರ. ಒತ್ತಡ ನಿರ್ಧಾರ ಮಾಡುವುದು ಮದ್ದಿನ ಜಾತಿ, ಅದರ ಪ್ರಮಾಣ ಮತ್ತು ಚರೆಯ ಒಟ್ಟು ತೂಕ. ಇನ್ನೊಂದು ನಂಬಿಕೆ, ಭುಜಕ್ಕೆ ಮೆತ್ತಗಿದ್ದರೆ ಕೋವಿಗೂ ಮೆತ್ತಗೆ ಅನ್ನುವುದು. ಅದೂ ಸರಿಯಲ್ಲ. 24 ಗ್ರಾಂನ ಕ್ರೀಡೆಯ ತೋಟಾ ಭುಜಕ್ಕೆ ಹಗುರ, ಆದರೆ ವೇಗದ ಮದ್ದಿನಿಂದ ಅದರ ಒತ್ತಡ ಭಾರದ ತೋಟಾದಷ್ಟೇ ಇರಬಹುದು. ಭುಜಕ್ಕೆ ಗೊತ್ತಾಗುವುದು ಒದೆತ, ಒತ್ತಡ ಅಲ್ಲ.

ಕೊನೆಗೆ ಸಿಕ್ಕಿದ್ದು ಪುಣೆಯ ಖಡ್ಕಿ ಕಾರ್ಖಾನೆಯ 65 ಮಿಮೀ. ನಮ್ಮ ದೇಶದ ಶಕ್ತಿಮಾನ್ ತೋಟಾಗಳು ಬರುವುದು ಅಲ್ಲಿಂದಲೇ. 65 ಮತ್ತು 70, ಎರಡೂ ಉದ್ದದಲ್ಲಿ ಬರುತ್ತವೆ, ಹಾಗಾಗಿ ಹೆಸರು ಹೇಳಿ ಕೇಳಿದರೆ ಸಾಲದು, ಅಂಕಿ ಹೇಳಿ ಕೇಳಬೇಕು. ಡಬ್ಬಿಯ ಮೇಲೂ ತೋಟಾದ ಮೈ ಮೇಲೂ ಓದಿ ನೋಡಿಯೇ ದುಡ್ಡು ಕೊಟ್ಟೆ. ನಾನು ನಮ್ಮ ಕೋವಿಗೆ ಬರೆದುಕೊಂಡ ಮಿತಿ ಹೀಗಿದೆ: 65 ಮಿಮೀ, ಸೀಸದ ಚರೆ, ಮುದ್ರೆ ಹೇಳುವ 32 ಗ್ರಾಂ ದಾಟುವುದು ಎಂದೂ ಇಲ್ಲ, ಸಾಧ್ಯವಾದರೆ 28 ರಿಂದ 30. ಸ್ಟೀಲ್ ಚರೆ ಬೇಡವೇ ಬೇಡ. ಅದು ಸೀಸದ ಹಾಗೆ ಹಿಸುಕಿಕೊಳ್ಳುವುದಿಲ್ಲ, ಹಳೇ ಕೋವಿಯ ಬಿಗಿ ಬಾಯಿಯಲ್ಲಿ ನಳಿಗೆಯನ್ನೇ ಉಬ್ಬಿಸುತ್ತದೆ.

ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಹನ್ನೊಂದು ಕಾಗದದ ತೋಟಾ ಸಿಕ್ಕವು. 65ರವೇ. ಆದರೆ ಮಳೆಯ ತೇವ ಕುಡಿದು ಊದಿಕೊಂಡಿದ್ದವು, ಹಿತ್ತಾಳೆ ಹಸಿರಾಗಿತ್ತು. ಇಂಥದ್ದು ಅರೆಬರೆ ಉರಿದರೆ ವಾಡ್ ನಳಿಗೆಯಲ್ಲೇ ನಿಂತುಬಿಡುತ್ತದೆ. ಹಿಂದಿನಿಂದ ಇನ್ನೊಂದು ಹೊಡೆದರೆ ಮುಗಿಯಿತು. ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಅದರ ಜೊತೆ 12ಕ್ಕಿಂತ ಸಣ್ಣದಾದ ಒಂದು 20 ಬೋರ್‌ನದೂ ಇತ್ತು, ಎಲ್ಲಿಂದ ಬಂತೋ. ಅದು ಎಲ್ಲಕ್ಕಿಂತ ಕೆಟ್ಟದ್ದು. 12ರ ಚೇಂಬರ್‌ನಲ್ಲಿ ಅದು ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಖಾಲಿ ಅನ್ನಿಸುತ್ತದೆ, ಅದರ ಹಿಂದೆ 12ರ ತೋಟಾ ಆರಾಮಾಗಿ ಕೂರುತ್ತದೆ.

ಸುದ್ದಿ ತಿಳಿದು ಚಿಕ್ಕಮ್ಮ ತಮ್ಮ ಮನೆಯ ಕೋವಿಯನ್ನೂ ತೋರಿಸಿದರು. ಹೊರಗೆ ಎರಡು ಕುದುರೆ, ನಳಿಗೆಯ ಮೈ ತುಂಬ ಹಾವಿನ ಪೊರೆಯ ಹಾಗೆ ಸುಳಿ ಸುಳಿ. ಡಮಾಸ್ಕಸ್. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬಡಿದು ಬೆಸೆದ ನಳಿಗೆ. ಅಡಿಯಲ್ಲಿ ಮೊಟ್ಟೆಯಾಕಾರದೊಳಗೆ ಇಎಲ್‌ಜಿ, ಅಂದರೆ ಬೆಲ್ಜಿಯಂನ ಲಿಯೇಜ್. ನೈಟ್ರೋಗೆ ಪರೀಕ್ಷೆ ಆಗಿದ್ದರೆ ಅಲ್ಲಿಯವರು ಸಿಂಹದ ಕೆಳಗೆ ಪಿವಿ ಅಂತ ಒತ್ತುತ್ತಾರೆ. ಮೂರು ಸಲ ಸುಣ್ಣ ಸವರಿ ಹುಡುಕಿದೆ. ಸಿಂಹ ಇರಲಿಲ್ಲ. ಅದು ಕರಿಮದ್ದಿನ, ಅಂದರೆ ಹೊಗೆ ಬರುವ ಹಳೇ ಮದ್ದಿನ ಕೋವಿ. ಅಂಗಡಿಯ ಯಾವ ತೋಟಾವೂ ಅದಕ್ಕಲ್ಲ, 65 ಆದರೂ ಅಲ್ಲ. ಡಮಾಸ್ಕಸ್ ಎಲ್ಲವೂ ಹಾಗೇ ಅಂತಲ್ಲ, ನೈಟ್ರೋ ಪರೀಕ್ಷೆ ದಾಟಿದವೂ ಇವೆ, ಇದು ಅದಲ್ಲ ಅಷ್ಟೇ.

"ಮಾವ ಹೋದಾಗ ಇದರಲ್ಲೇ ಎರಡು ಗುಂಡು ಹಾರಿಸಿದ್ದು" ಅಂದರು ಚಿಕ್ಕಮ್ಮ. ಸಾವಿನ ಸುದ್ದಿಯನ್ನು ಊರಿಗೆ ಹೇಳುವುದು ಹಾಗೇ ತಾನೇ. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ, "ಸರಿ, ಇನ್ನು ಪೂಜೆಗೆ ಮಾತ್ರ ಇಡ್ತೇನೆ" ಅಂದರು.

ಈ ವರ್ಷದ ಹಬ್ಬಕ್ಕೆ ಒಂದು ವಾರ ಮುಂಚೆ ಪರೀಕ್ಷೆ ಹೊಡೆದೆವು. ಕೋವಿಯನ್ನು ಹಳೇ ಜೀಪಿನ ಟೈರಿಗೆ ಕಟ್ಟಿ, ಎದುರು ಮಣ್ಣಿನ ದಿಬ್ಬ, ಮೂವತ್ತು ಅಡಿ ಹಗ್ಗ ಎಳೆದುಕೊಂಡು ಧರೆಯ ಹಿಂದೆ ಕುಳಿತೆ. ಬಲ ನಳಿಗೆ ಎರಡು ಸಲ, ಎಡ ಎರಡು ಸಲ. ಲಿವರ್ ಬೆರಳಿಗೇ ಬಿಚ್ಚಿತು. ಖಾಲಿ ತೋಟಾದ ಬಾಯಿ ದುಂಡಗೆ, ಅಂಚು ಸರಿಯಾಗಿ, ಉದ್ದ 65. ನಳಿಗೆಯನ್ನು ಮತ್ತೆ ಡಯಲ್ ಸ್ಟ್ಯಾಂಡಿಗೆ ಇಳಿಸಿ ನೋಡಿದೆ. ಹಳೇ ಅಂಕಿಗಳೇ, ಎಲ್ಲೂ ಉಬ್ಬಿಲ್ಲ.

ಹಬ್ಬದ ದಿನ ಎಲ್ಲ ಕೋವಿಗಳ ಬಾಯಿಗೂ ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ನೆಲ್ಲಕ್ಕಿಯಲ್ಲಿ (ಮನೆಯ ನಡು ಕೋಣೆಯಲ್ಲಿ) ಇಟ್ಟಿದ್ದರು. ಕೆಂಪು ಹಳದಿ ಎಸಳು, ನೋಡಲು ಚಂದ. ಪೂಜೆ ಮುಗಿದು ಹೂ ತೆಗೆದರು. ನಾನು ಎರಡೂ ನಳಿಗೆಗೆ ಬುಡದಿಂದ ಕೋಲು ತಳ್ಳಿದೆ. ಬಲಗಡೆಯಿಂದ ಒಂದು ತೊಟ್ಟು, ಎರಡು ಎಸಳು. ಎಡಗಡೆಯಿಂದ ಏನೂ ಬರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬರ ಕೋವಿಗೂ ತಳ್ಳಿದರೆ ಕಣಜ ಕಟ್ಟಿದ ಮಣ್ಣಿನ ಗೂಡು ಹೆಬ್ಬೆರಳಿನಷ್ಟು ಬಂತು, ಮಳೆಗಾಲವಿಡೀ ಗೋಡೆಯಲ್ಲಿ ತೂಗಿದ್ದರ ಫಲ. ಅವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ಆಮೇಲೆ ಗದ್ದೆಗೆ ಇಳಿದೆವು. ದೊಡ್ಡಪ್ಪನ ಮಗ ಬೆಂಗಳೂರಿನಿಂದ ಬರಿಗೈಯಲ್ಲಿ ಬಂದಿದ್ದ. 65ರ ಡಬ್ಬಿಯಿಂದ ಒಂದು ತೆಗೆದು ಅವನ ಕೈಗೆ ಕೊಟ್ಟೆ. ಕಾಯಿ ಈ ಸಲವೂ ಒಡೆಯಲಿಲ್ಲ. ಒಡೆದದ್ದು ಚಿಕ್ಕಮ್ಮನ ಮಗಳು, ಅವನ ನಂತರದ ಸರದಿಯಲ್ಲಿ, ಅದೇ ಕೋವಿಯ ಎಡ ನಳಿಗೆಯಿಂದ.